ಮೇಲಿನ ಸಾಲುಗಳ ಒಗರು

ಎಲೆ ಉದುರಿ ಬಳ್ಳಿಗಳು ಬೋಳಾಗಿದ್ದ ಚಳಿಗಾಲದ ಕೊನೆ. ಬೆಳಗಿನ ಬಿಸಿಲು ನೆಲಮಾಳಿಗೆಯ ಕಿಟಕಿಗೆ ಇನ್ನೂ ಇಳಿದಿರಲಿಲ್ಲ. ತಮ್ಮ ಎರಡು ಹೂಜಿಗಳಿಂದ ಎರಡು ಲೋಟ ತುಂಬಿಸಿ ಅಕ್ಕನ ಮುಂದಿಟ್ಟ. ಆ ಮನೆಯಲ್ಲಿ ವೈನ್ ರುಚಿ ನೋಡುವುದೆಂದರೆ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ. ಬಾಯಿ ಚೊಕ್ಕವಾಗಿರಬೇಕು. ಅಪ್ಪನ ಕಾಲದಿಂದ ಹಾಗೇ.

ಮೆಡಿಟರೇನಿಯನ್ ಕಡೆಯ ರೀತಿಯಲ್ಲಿ ಮೂರು ದ್ರಾಕ್ಷಿ ಬೆರೆಸಿದ ಕೆಂಪು ವೈನ್ ಅವರದು. ಒಂದು ಹಣ್ಣು ಮೆತ್ತಗೆ, ಸಿಹಿ ವಾಸನೆಯದು. ಇನ್ನೊಂದರಲ್ಲಿ ಕಾಳುಮೆಣಸಿನ ಘಾಟು. ಮೂರನೆಯದು ಗುಡ್ಡದ ಮೇಲಿನ ಸಾಲುಗಳದು: ಕಪ್ಪು, ಒಗರು, ಮಾಗುವುದೂ ಎಲ್ಲಕ್ಕಿಂತ ತಡ, ಜೊತೆಗೆ ಹಳೇ ಚರ್ಮದ ವಾಸನೆ. ಗಂಡ ತೀರಿಕೊಂಡು ತವರಿಗೆ ಬಂದ ವರ್ಷ ಅಕ್ಕನೇ ನೆಟ್ಟ ಬಳ್ಳಿಗಳವು. ಒಗರು ಹೆಚ್ಚೆಂದು ತಮ್ಮ ಅವನ್ನು ಕೀಳಿಸುವ ಮಾತೆತ್ತಿದ್ದ. ಕಿತ್ತರೆ ತನಗಿಲ್ಲಿ ಕೆಲಸವಿಲ್ಲ, ಮಗಳ ಮನೆಗೆ ಹೋಗುತ್ತೇನೆ ಎಂದಿದ್ದಳು ಅಕ್ಕ. ಚೀಲವೂ ಕಟ್ಟಿಟ್ಟಿದ್ದಳು. ಈಗ ಒಂದು ಹೂಜಿಯಲ್ಲಿ ಆ ದ್ರಾಕ್ಷಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಯಾವುದು ಯಾವುದೆಂದು ತಮ್ಮ ಹೇಳಲಿಲ್ಲ.

"ಯಾವುದು ಚೆನ್ನಾಗಿದೆ, ನೀನೇ ಹೇಳು. ಬಳ್ಳಿ ಇರ್ಬೇಕೋ ಬೇಡ್ವೋ, ಅದರ ಮೇಲೆ."

ಅಕ್ಕ ಎರಡನ್ನೂ ಮೂಸಿದಳು. ರುಚಿ ನೋಡುವವರ ರೂಢಿಯಂತೆ ಬಾಯಲ್ಲಿ ಹೊರಳಿಸಿ ಬಕೆಟ್ಟಿಗೆ ಉಗಿದಳು. ಎಡಗಡೆಯ ಲೋಟವನ್ನು ಮುಂದೆ ತಳ್ಳಿದಳು.

"ಇದು."

ಅದು ಮೇಲಿನ ದ್ರಾಕ್ಷಿ ಇಲ್ಲದ್ದು. ತಮ್ಮನ ಮುಖ ಚಿಕ್ಕದಾಯಿತು.

"ನಿನ್ನದು ಯಾವುದು ಅಂತ ಗೊತ್ತಾಗ್ಲಿಲ್ವಾ ಅಕ್ಕ?"

"ಮೂಸಿದ ಕೂಡ್ಲೇ ಗೊತ್ತಾಯ್ತು. ಸಾಕಿದವಳಲ್ವಾ ನಾನು."

"ಮತ್ತೆ?"

"ಯಾರದು ಅಂತ ಎಲ್ಲಿ ಕೇಳ್ದೆ ನೀನು? ಚೆನ್ನಾಗಿರೋದು ಯಾವುದು ಅಂದೆ. ಹೇಳ್ದೆ."

ಸ್ವಲ್ಪ ಹೊತ್ತಿಗೆ ಬಳ್ಳಿ ಕೀಳುವ ಯಂತ್ರದವನು ಗುಡ್ಡ ಹತ್ತಿದ. ಬೇರು ಕಿತ್ತುಬರುವ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಅಕ್ಕ ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು.

ಮಧ್ಯಾಹ್ನ ಯಂತ್ರದವನು ಊಟಕ್ಕೆ ಇಳಿದುಬಂದ. ಬೇಯಿಸಿದ ಮಾಂಸ, ಬ್ರೆಡ್ಡು. ಚೆಲ್ಲಲು ಕೈಬಾರದೆ ತಮ್ಮನ ಹೆಂಡತಿ ಬೆಳಗಿನ ಹೂಜಿಗಳನ್ನೂ ಮೇಜಿಗೆ ತಂದಿಟ್ಟಳು. ಯಂತ್ರದವನು ಒಂದರಿಂದ ಕುಡಿದ, ಇನ್ನೊಂದರಿಂದ ಕುಡಿದ, ಆಮೇಲೆ ಆ ಇನ್ನೊಂದನ್ನು ಬಿಡಲೇ ಇಲ್ಲ.

"ಅತ್ತಿಗೆ, ಈ ಹೂಜಿ ತೂತಾಗಿದ್ಯಾ? ಆಗ್ಲೇ ಖಾಲಿ."

"ತೂತು ಹೂಜಿಗಲ್ಲ ಕಣಪ್ಪ, ನಿನ್ನ ಗಂಟಲಿಗೆ."

"ಆ ಕಡೇದು ಶರಬತ್ತು. ಮಾಂಸದ ಜೊತೆ ಇದೇ ಕೂರೋದು."

ಅದು ಮೇಲಿನ ದ್ರಾಕ್ಷಿ ಇದ್ದ ಹೂಜಿ. ತಮ್ಮ ತಳದಲ್ಲಿ ಉಳಿದಿದ್ದನ್ನು ಬಗ್ಗಿಸಿಕೊಂಡ. ಮಾಂಸದ ತುಂಡು ಅಗಿಯುತ್ತಲೇ ಒಂದು ಗುಟುಕು ಹೀರಿದ. ಒಗರು ಕೊಬ್ಬಿನಲ್ಲಿ ಕರಗಿಹೋಗಿತ್ತು. ಮೆಣಸಿನ ಘಾಟು ಮೆಲ್ಲನೆ ಮೇಲೆದ್ದಿತು, ಅದರ ಹಿಂದೆ ಹಣ್ಣು. ನುಂಗಿದ ಮೇಲೂ ನಾಲಿಗೆಯ ಮೇಲಿತ್ತು. ಅವನು ಲೋಟವನ್ನು ಅಕ್ಕನ ಕಡೆ ಸರಿಸಿದ.

ಅವಳೂ ಕುಡಿದಳು. ಉಗಿಯಲಿಲ್ಲ.

"ಬೆಳಿಗ್ಗೆ ಹೀಗಿರ್ಲಿಲ್ಲ," ಎಂದಳು.

"ಅಪ್ಪ ಯಾವತ್ತಾದ್ರೂ ಊಟದ ಜೊತೆ ವೈನ್ ರುಚಿ ನೋಡಿದ್ನಾ?"

"ಎಲ್ಲಿ? ಅವನು ಊಟಕ್ಕೆ ನೀರು ಕುಡೀತಿದ್ದ."

ತಮ್ಮ ಯಂತ್ರದವನತ್ತ ತಿರುಗಿದ. "ಎಷ್ಟು ಕಿತ್ತೆ?"

"ಅರ್ಧ ಆಯ್ತು. ಉಳಿದದ್ದು ಸಂಜೆಯೊಳಗೆ..."

"ಸಾಕು. ಯಂತ್ರ ಇಳಿಸು."

ಅಕ್ಕ ಊಟ ಅರ್ಧಕ್ಕೆ ಬಿಟ್ಟು ಕತ್ತರಿ ಹುಡುಕಿದಳು. ಗುಡ್ಡ ಹತ್ತಿ, ಮಗ್ಗುಲಾಗಿ ಬಿದ್ದಿದ್ದ ಬಳ್ಳಿಗಳ ನಡುವೆ ಕೂತು, ಮತ್ತೆ ನೆಡಲು ಹಸಿ ಇರುವ ಕಡ್ಡಿಗಳನ್ನು ಆರಿಸಿ ಕತ್ತರಿಸಿದಳು. ಒಣಗದಂತೆ ಸುತ್ತಲು ಬಟ್ಟೆ ಬೇಕಿತ್ತು. ಮನೆಗೆ ಬಂದು ಮಾಳಿಗೆ ಹತ್ತಿ, ಕಟ್ಟಿಟ್ಟಿದ್ದ ಚೀಲ ಬಿಚ್ಚಿ, ಹೊದಿಕೆಯನ್ನು ಎಳೆದು ನೀರಿಗೆ ಅದ್ದಿದಳು.

ಯಂತ್ರದವನು ಇಳಿಹೊತ್ತಿಗೆ ಹೋದ.