ಮಧ್ಯಾಹ್ನದ ಹೊಲಿಗೆ

ಅಕ್ಕ ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗಿಬಿಡುತ್ತೇನೆ ಎಂದ ದಿನವೇ ನಾನು ವೆಬ್‌ಸೈಟ್ ಮಾಡುತ್ತೇನೆ ಎಂದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. "ಹ್ಞೂಂ" ಎಂದಳು, ಅಷ್ಟೇ.

ನಮ್ಮದು ಬಟ್ಟೆ ಸರಿಮಾಡಿಕೊಡುವ ಅಂಗಡಿ. ಹೊಸ ಬಟ್ಟೆ ಹೊಲಿಯುವ ದೊಡ್ಡವರು ಮುಖ್ಯರಸ್ತೆಯಲ್ಲಿದ್ದಾರೆ. ನಮ್ಮಲ್ಲಿಗೆ ಬರುವುದು ಸೊಂಟ ಹಿಡಿಯದ ಪ್ಯಾಂಟು, ಉದ್ದವಾದ ತೋಳು, ಹಲ್ಲು ಉದುರಿದ ಜಿಪ್ಪು, ಒಳಗಿನ ಲೈನಿಂಗ್ ಹರಿದ ಕೋಟು. ನಮ್ಮದು ಎಂದದ್ದು ನನ್ನ ದೊಡ್ಡಸ್ತಿಕೆ. ಅಂಗಡಿ ಅಕ್ಕನದು, ಕಾಲಲ್ಲಿ ತುಳಿಯುವ ಹೊಲಿಗೆ ಮಿಷಿನ್ ಅಕ್ಕನದು, ಮರದ ಮೆಟ್ಟಿಲು ಹತ್ತಿದರೆ ಸಿಗುವ ನಮ್ಮಿಬ್ಬರ ಕೋಣೆಯೂ ಅಕ್ಕನ ದುಡಿಮೆಯದೇ. ನಾನು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದೆ. ನನ್ನ ಜಾಗಕ್ಕೆ ಒಂದು ಯಂತ್ರ ತಂದಿಟ್ಟರು. ಯಂತ್ರಕ್ಕೆ ಮೂಗಿನ ತುದಿಯಲ್ಲಿ ಕೋಪವಿಲ್ಲ, ಹಾಗಾಗಿ ಪ್ರಯಾಣಿಕರಿಗೂ ಖುಷಿಯಾಗಿರಬೇಕು. ಅಕ್ಕ ನನ್ನನ್ನು ಚಿಕ್ಕಂದಿನಿಂದಲೂ ಪಟಾಕಿ ಎಂದೇ ಕರೆಯುವುದು.

ನಿಜ ಹೇಳಿಬಿಡುತ್ತೇನೆ. ವೆಬ್‌ಸೈಟ್ ಮಾಡಲು ಹೊರಟದ್ದು ದುಡ್ಡಿನ ಆಸೆಗಲ್ಲ. ಅಕ್ಕ ಹೋಗಬಾರದು ಎಂದು. ಅಂಗಡಿಯ ಬಾಡಿಗೆ ಹುಟ್ಟುತ್ತಿಲ್ಲವೆಂದು ತಾನೇ ಹೋಗುತ್ತಿರುವುದು, ಬಾಡಿಗೆ ಹುಟ್ಟಿಸಿಕೊಟ್ಟರೆ ಇರುತ್ತಾಳೆ ಎಂದು ನನಗೆ ನಾನೇ ಲೆಕ್ಕ ಹಾಕಿಕೊಂಡೆ. ಅಮ್ಮ ಹೋದಾಗ ನನಗೆ ಇನ್ನೂ ಹಾಲುಹಲ್ಲು. ನನ್ನ ಜಡೆ ಹೆಣೆದವಳು, ಜ್ವರಕ್ಕೆ ಹಣೆ ಒರೆಸಿದವಳು ಇವಳೇ. ಅವಳಿಲ್ಲದ ಆ ಕೋಣೆಯನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. "ಹೋಗಬೇಡ" ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಜಗಳದ ಮಾತಾದರೆ ನನಗೆ ಸಲೀಸಾಗಿ ಬರುತ್ತದೆ. ಇಂಥದ್ದು ಬರುವುದಿಲ್ಲ.

ಫೋನಿನ ವಿಡಿಯೊಗಳಲ್ಲಿ ಒಬ್ಬ ಪಾಠ ಹೇಳುತ್ತಿದ್ದ. ಮೊದಲ ವೆಬ್‌ಸೈಟಿನಿಂದ ಸಂಪಾದಿಸುವ ದಾರಿಗಳು ಎಂದು ಶುರುಮಾಡಿ ಮಾತುಮಾತಿಗೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಹೆಬ್ಬೆಟ್ಟಪ್ಪ ಎಂದು ಹೆಸರಿಟ್ಟೆ. ಅವನ ಪ್ರಕಾರ ವೆಬ್‌ಸೈಟ್ ಒಂದಿದ್ದರೆ ನಾವು ಮಲಗಿದ್ದಾಗಲೂ ದುಡ್ಡು ಬರುತ್ತದೆ. ಅಕ್ಕನಿಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, "ಅವ್ನು ಯಾವಾಗ ಮಲಗ್ತಾನಂತೆ ಕೇಳು" ಎಂದಳು.

ಮೊದಲ ದಾರಿ ಜಾಹೀರಾತು. ನಮ್ಮ ಪುಟದಲ್ಲಿ ಖಾಲಿ ಜಾಗ ಬಿಟ್ಟರೆ ಅದರಲ್ಲಿ ಯಾರದೋ ಜಾಹೀರಾತು ತಾನಾಗಿ ಬಂದು ಕೂರುತ್ತದೆ. ಬಂತು. ಅಕ್ಕನ ಅಂಗಡಿಯ ಹೆಸರಿನ ಕೆಳಗೇ, "ಹರಿದದ್ದನ್ನು ಹೊಲಿಸುವ ಗೋಜೇಕೆ? ಹೊಸದೇ ಕೊಳ್ಳಿ!" ಎಂದು ಸಿದ್ಧ ಉಡುಪಿನ ಕಂಪನಿಯೊಂದು ಹಲ್ಲು ಕಿರಿಯಿತು. ಎರಡನೆಯದು ಕಮಿಷನ್. ಕತ್ತರಿ, ದಾರದ ಉಂಡೆಗಳ ಚಿತ್ರ ಹಾಕಿದೆ. ನಮ್ಮ ಪುಟದಿಂದ ಹೋಗಿ ಯಾರಾದರೂ ಕೊಂಡರೆ ನಮಗೆ ಅಷ್ಟೋ ಇಷ್ಟೋ. ಬಹಳ ದಿನ ಕಾದ ಮೇಲೆ ಒಂದು ಕತ್ತರಿ ಮಾರಾಟವಾಯಿತು. ನಾನು ಕುಣಿದಾಡಿದೆ. ಕತ್ತರಿ ನಮ್ಮ ಬಾಗಿಲಿಗೇ ಬಂದಿತು. "ನಂಗೇ ಬೇಕಾಗಿತ್ತು ಕಣೇ, ಬೇರೆಯೋರ ಹತ್ರ ಯಾಕೆ ತಗೊಳ್ಲಿ ಅಂತ" ಎಂದಳು ಅಕ್ಕ.

ಮೂರನೆಯದು ಪಾಠ ಮಾರುವುದು. ಹಳೆಯ ಜಿಪ್ಪು ಬಿಚ್ಚಿ ಹೊಸದು ಕೂರಿಸುವುದನ್ನು ತೋರಿಸೋಣ ಎಂದು ಮಿಷಿನ್ ಪಕ್ಕದ ದೀಪದ ಕಂಬಕ್ಕೆ ಫೋನ್ ಕಟ್ಟಿ, ಅಕ್ಕನ ಕೈ ಕಾಣುವ ಹಾಗೆ ಬಗ್ಗಿಸಿ, ಚಿತ್ರೀಕರಣಕ್ಕೆ ಹಚ್ಚಿ ಹೋದೆ. ನನ್ನ ಬೆನ್ನ ಹಿಂದೆ ಕಂಬಕ್ಕೆ ನೇತುಹಾಕಿದ್ದ ಲೈನಿಂಗ್ ಬಟ್ಟೆ ಜಾರಿ ಕ್ಯಾಮೆರಾ ಮುಚ್ಚಿಕೊಂಡಿದೆ. ತಿರುಗಿ ನೋಡುವ ತಾಳ್ಮೆ ಯಾರಿಗಿದೆ? ಹಾಗೇ ಪುಟಕ್ಕೆ ಏರಿಸಿಬಿಟ್ಟೆ. ಇಡೀ ಪಾಠ ಕಗ್ಗತ್ತಲು. ಕತ್ತಲೊಳಗೆ ಮಿಷಿನ್ ಸದ್ದು ಮಾತ್ರ.

ಮರುದಿನ ಅದರ ಕೆಳಗೆ ಯಾರೋ ಬರೆದಿದ್ದರು: "ಏನೂ ಕಾಣಲಿಲ್ಲ. ಆದರೆ ನಿದ್ದೆ ಬಂತು."

ಗೇಲಿ ಮಾಡುತ್ತಿದ್ದಾರೆಂದು ನಾನು ಉತ್ತರ ಕೊಡಲು ತೋಳೇರಿಸಿ ಕೂತೆ. ಅಷ್ಟರಲ್ಲಿ ಇನ್ನೊಬ್ಬರು, ಮತ್ತೊಬ್ಬರು. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಎಚ್ಚರವಿದ್ದು ಹಗಲು ಮಲಗಬೇಕಾದ ದಾದಿಯೊಬ್ಬಳು ತನ್ನನ್ನು ರಾತ್ರಿಪಾಳಿ ಎಂದು ಕರೆದುಕೊಂಡಳು. ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ, ನೀರಿನ ಸದ್ದಿಗೆ ಬಾರದ ನಿದ್ದೆ ಇದಕ್ಕೆ ಬಂತು ಎಂದು ಬರೆದ. ಇನ್ನಷ್ಟು ಹಾಕಿ, ಇನ್ನಷ್ಟು ಹಾಕಿ ಎಂದು ದುಂಬಾಲು ಬಿದ್ದರು. ಪುಟದಲ್ಲಿ ದಾರದ ಡಬ್ಬಿಯ ಚಿತ್ರವೊಂದನ್ನು ಇಟ್ಟು, ಮನಸ್ಸು ಬಂದವರು ಕೈಲಾದದ್ದು ಹಾಕಿ ಎಂದೆ. ಹಾಕಿದರು! ಸಾಲದೆಂದು ಸದ್ದಿನ ನಡುವೆ ಒಂದು ಜಾಹೀರಾತು ತೂರಿಸಿದೆ. "ಕಣ್ಣು ಹತ್ತೋ ಹೊತ್ತಿಗೆ ಕಿವಿ ಹತ್ರ ಸೋಪಿನ ಪುಡಿ ಅಂತ ಕಿರುಚಿದ್ರೆ ನಾನೇನು ಮನುಷ್ಯಳಲ್ವಾ?" ಎಂದು ರಾತ್ರಿಪಾಳಿ ಮೈಮೇಲೆ ಬಂದಳು. ನನ್ನಂಥದ್ದೇ ಒಂದು ಜೀವ ಎಂದು ಇಷ್ಟವಾದಳು. ಜಾಹೀರಾತು ಕಿತ್ತೆಸೆದೆ.

ಆಮೇಲೆ ದಿನವೂ ಊಟದ ನಂತರ, ಅಕ್ಕ ಹೊಲಿಯುತ್ತಿರುವಾಗಲೇ ಸದ್ದನ್ನು ನೇರವಾಗಿ ಕೇಳಿಸತೊಡಗಿದೆವು. ಯಾರ ಬಟ್ಟೆ ಎಂದು ನಾನು ಒಂದು ಸಾಲು ಬರೆಯುತ್ತಿದ್ದೆ: ಇವತ್ತು ಶಾಲೆಯ ಮೇಷ್ಟರ ಕೋಟಿನ ತೋಳು. ಇವತ್ತು ದಪ್ಪಗಾದ ಮದುಮಗಳ ಲಂಗ.

ಆ ಮಧ್ಯಾಹ್ನಗಳನ್ನು ಹೇಗೆ ಹೇಳಲಿ! ಬೀದಿಯ ಅಂಗಡಿಗಳೆಲ್ಲ ಬಾಗಿಲು ಅರ್ಧ ಎಳೆದುಕೊಂಡಿರುತ್ತಿದ್ದವು. ದಾರಕ್ಕೆ ತೂಗುಹಾಕಿದ ಅಳತೆಯ ತೆಳುಕಾಗದಗಳ ಮೂಲಕ ಬಿಸಿಲು ಸೋಸಿ ಬಂದು ಗೋಡೆಯ ಮೇಲೆ ತೋಳು, ಕಾಲರು, ಬೆನ್ನುಗಳಾಗಿ ತೇಲುತ್ತಿತ್ತು. ಗುರುತು ಹಾಕುವ ಸೀಮೆಸುಣ್ಣದ ಪುಡಿ ಗಾಳಿಯಲ್ಲಿ ಇಳಿಯುವ ಮನಸ್ಸಿಲ್ಲದೆ ನಿಂತಿರುತ್ತಿತ್ತು. ಅಕ್ಕ ತುಳಿಯುತ್ತಿದ್ದಳು. ಗಡಗಡ ಓಡುವ ಸದ್ದು, ಬಟ್ಟೆ ತಿರುಗಿಸುವಾಗ ಒಂದು ಚಿಕ್ಕ ಮೌನ, ಹಲ್ಲಿನಲ್ಲಿ ದಾರ ಕಡಿದದ್ದು, ಒಂದು ನಿಟ್ಟುಸಿರು, ಮತ್ತೆ ಓಟ. ಯಾವ್ಯಾವುದೋ ಊರುಗಳಲ್ಲಿ ಒಬ್ಬೊಬ್ಬರೇ ಮಗ್ಗುಲಾಗುವುದು ನನಗೆ ಕಾಣುತ್ತಿತ್ತು. ಪರದೆ ಎಳೆದ ಕೋಣೆಯಲ್ಲಿ ದಾದಿಯ ಕಾಲಿನಿಂದ ಚಪ್ಪಲಿ ಕಳಚುತ್ತಿತ್ತು. ಹಡಗಿನ ಕಿರುಮಂಚದಿಂದ ಅಡುಗೆಯವನ ಕೈ ಜೋಲುಬೀಳುತ್ತಿತ್ತು. ಅಕ್ಕನ ಸೂಜಿಯ ಕೆಳಗೆ ಹರಿಯುವ ಬಟ್ಟೆಯೇ ನಮ್ಮ ಕಿಟಕಿಯಿಂದ ಹೊರಟು, ಮನೆಮನೆ ಹೊಕ್ಕು, ಮಲಗಿದವರ ಭುಜದವರೆಗೂ ಹೊದಿಕೆಯಾಗಿ ಏರುತ್ತಿದೆ ಎಂದುಕೊಳ್ಳುತ್ತಿದ್ದೆ. ಹೆಬ್ಬೆಟ್ಟಪ್ಪ ಹೇಳಿದ್ದು ಸುಳ್ಳಲ್ಲ. ಮಲಗಿದ್ದಾಗಲೇ ದುಡ್ಡು ಬರುತ್ತಿತ್ತು. ಮಲಗಿದವರು ಮಾತ್ರ ನಾವಲ್ಲ.

ಅಷ್ಟರಲ್ಲಿ ಕೆಲಸ ಬತ್ತಿತು. ಒಂದು ವಾರ ರಿಪೇರಿಗೆ ಒಂದು ಕಾಲುಚೀಲವೂ ಬರಲಿಲ್ಲ, ಅಕ್ಕ ನೊಣ ಹೊಡೆಯುತ್ತ ಕೂತಳು. ಹೊಲಿಯಲು ಏನಿಲ್ಲದಿದ್ದರೇನು, ಬೇಕಾದದ್ದು ಸದ್ದು ತಾನೇ? ದಾರ ಹಾಕದೆ ಬರೀ ಚಿಂದಿಯ ಮೇಲೆ ತುಳಿ ಎಂದೆ. ಮೇಷ್ಟರ ಇನ್ನೊಂದು ಕೋಟು ಎಂದು ಬರೆದೆ. ಅಕ್ಕ ತುಳಿದಳು, ಮುಖ ಮಾತ್ರ ಊದಿಕೊಂಡಿತ್ತು. ಅರ್ಧ ದಾರಿಯಲ್ಲೇ ಜನ ಕದಲತೊಡಗಿದರು. "ಇವತ್ತು ಯಾಕೋ ನಿದ್ದೆ ಹತ್ತುತ್ತಿಲ್ಲ" ಎಂದು ಹಡಗಿನವನು. ರಾತ್ರಿಪಾಳಿಯಂತೂ ನೇರವಾಗಿ, "ಇದು ಯಾರ ಬಟ್ಟೆಯೂ ಅಲ್ಲ" ಎಂದು ಬರೆದಳು.

"ಇವ್ರಿಗೆ ಕಿವಿಯೋ, ಇನ್ನೇನೋ!" ಎಂದು ನಾನು ಸಿಡಿದೆ.

ಅಕ್ಕ ನಕ್ಕುಬಿಟ್ಟಳು. "ಬಯ್ಯಬೇಡ್ವೇ. ಯಾರೋ ಕಾಯ್ತಿದಾರೆ ಅಂದ್ರೆ ಕಾಲು ಬೇರೆ ಥರಾನೇ ತುಳಿಯುತ್ತೆ. ಈಗ ಸುಮ್ನೆ ಓಡ್ತಿತ್ತು. ಎಲ್ಲೂ ನಿಲ್ಲಲಿಲ್ಲ ನೋಡು."

ಮಾಡಿದ ಮೋಸವನ್ನು ಒಪ್ಪಿಕೊಂಡು ಪುಟದಲ್ಲಿ ಬರೆದೆ. ಹೊಲಿಯಲು ಬಟ್ಟೆಯಿಲ್ಲ, ನಿಮ್ಮದೇ ಇದ್ದರೆ ಕಳಿಸಿ, ನೀವು ಮಲಗಿರಿ, ಅಕ್ಕ ಹೊಲಿಯುತ್ತಾಳೆ ಎಂದೆ. ನಾನು ಕಟ್ಟಿದ ಗಾಳಿಗೋಪುರಗಳಲ್ಲಿ ಅದೊಂದು ಮಾತ್ರ ನಿಂತಿತು. ಅಂಚೆಯಲ್ಲಿ ಪೊಟ್ಟಣಗಳು ಬಂದವು. ಮೊಣಕೈ ಸವೆದ ಸ್ವೆಟರು, ಅಡುಗೆಯವನ ಸುಟ್ಟ ಏಪ್ರನ್, ದಾದಿಯ ಕೋಟು. ತೀರಿಕೊಂಡ ಹೆಂಡತಿಯ ನೀಲಿ ಅಂಗಿಯನ್ನು ಮಗಳ ಅಳತೆಗೆ ಇಳಿಸಿಕೊಡಿ ಎಂದು ಒಬ್ಬರು ಕಳಿಸಿದ್ದರು. ಅವತ್ತು ಅಕ್ಕ ಬಹಳ ನಿಧಾನ ತುಳಿದಳು. ಮರುದಿನ ಆತ, "ಅಂಗಿಯ ತೋಳಿಗೆ ಬರುವ ಹೊತ್ತಿಗೆ ಮಲಗಿಬಿಟ್ಟಿದ್ದೆ. ಅವಳು ಹೋದ ಮೇಲೆ ಇದೇ ಮೊದಲು" ಎಂದು ಬರೆದರು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ.

ಪ್ರತಿ ಪೊಟ್ಟಣಕ್ಕೂ ಕೂಲಿ ಬಂತು, ಡಬ್ಬಿಗೂ ಬಂತು. ತಿಂಗಳ ಕೊನೆಗೆ ಬಾಡಿಗೆ ಕಟ್ಟಿ, ರಸೀದಿ ಚೀಟಿಯನ್ನು ಗೆದ್ದ ಪದಕ ಎಂಬಂತೆ ಅಕ್ಕನ ಮುಂದೆ ಹಿಡಿದೆ.

"ಇಷ್ಟೂ ವೆಬ್‌ಸೈಟಿಂದೇ. ಮುಂದಿನ ತಿಂಗಳೂ ಬರುತ್ತೆ."

ಅಕ್ಕ ಚೀಟಿ ನೋಡಿದಳು. ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿಕೊಂಡಳು. ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಸದ್ಯ. ಹಾಗಾದ್ರೆ ನಾನಿನ್ನು ಹೋಗಬಹುದಲ್ಲಾ" ಎಂದಳು.

ಹಿಡಿದಿದ್ದ ಚೀಟಿಯನ್ನು ಕೆಳಗಿಳಿಸಿದೆ.

"ನಿಂಗೊಂದು ದಾರಿ ಆಗ್ಲಿ ಅಂತ ಕಾಯ್ತಿದ್ದೆ ಕಣೇ. ಕೆಲ್ಸ ಹೋದಾಗಿಂದ ನೀನು ಬಾಗಿಲು ಹಾಕೋದೂ ಜಗಳ ಆಡ್ದಂಗೆ ಹಾಕ್ತಿದ್ದೆ. ಇದಾದ್ರೂ ಕೈಹಿಡೀಲಿ ಅಂತ ಕೂತು ತುಳಿದೆ. ಮಗಳಿಗೂ ಹೇಳಿದ್ದೆ, ನಿನ್ ಚಿಕ್ಕಮ್ಮ ಒಂದು ದಡ ಸೇರ್ಲಿ, ಆಮೇಲೆ ಬರ್ತೀನಿ ಅಂತ."

"ನಾನು ಮಾಡಿದ್ದೇ ನೀನು ಹೋಗ್ಬಾರ್ದು ಅಂತ!" ನನ್ನ ಕಿರುಚಾಟಕ್ಕೆ ಎದುರಿನ ಬೀಗದ ಅಂಗಡಿಯವರು ತಲೆ ಎತ್ತಿ ನೋಡಿದರು.

ಅಕ್ಕ ಬೆಪ್ಪಾಗಿ ನನ್ನನ್ನೇ ನೋಡಿದಳು. "ಅಯ್ಯೋ ಪಟಾಕಿ, ಅಷ್ಟು ಹೇಳೋಕೆ ವೆಬ್‌ಸೈಟ್ ಬೇಕಿತ್ತಾ?"

"ಹೇಳಿದ್ರೆ ಇರ್ತಿದ್ದೆಯಾ?"

"ಇರ್ತಿದ್ದೆ" ಎಂದಳು. ಸ್ವಲ್ಪ ಹೊತ್ತು ಮಂಡಿ ನೀವಿಕೊಂಡಳು. "ಅದಕ್ಕೇ ನೀನು ಹೇಳ್ದೆ ಇದ್ದದ್ದು ಒಳ್ಳೇದಾಯ್ತು. ಸುಸ್ತಾಗಿದೆ ಕಣೇ. ಆ ಜನ ಹಾಯಾಗಿ ಮಲಗಿದ್ವಿ ಅಂತ ಬರೀತಾರಲ್ಲ, ನೀನು ಓದಿ ಹೇಳ್ದಾಗೆಲ್ಲ ನಂಗೆ ಹೊಟ್ಟೆ ಉರೀತಿತ್ತು. ಈ ಸದ್ದಿಗೆ ನೀನು ಮಲಗಿದ್ದೆ, ನನ್ ಮಗಳು ಮಲಗಿದ್ಲು, ಈಗ ಕಂಡು ಕೇಳರಿಯದ ಊರೋರೂ ಮಲಗ್ತಿದಾರೆ. ನಂಗೊಬ್ಬಳಿಗೇ ಆಗಲ್ಲ. ನಾನು ಮಲಗಿದ್ರೆ ಸದ್ದೇ ನಿಂತುಹೋಗುತ್ತಲ್ಲ."

ಇಷ್ಟು ವರ್ಷ ಜೊತೆಗಿದ್ದೂ ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಅವಳನ್ನು ಎಷ್ಟು ಪ್ರೀತಿಸುತ್ತಿದ್ದೆನೋ ಅಷ್ಟೇ ಅವಳನ್ನು ಎಬ್ಬಿಸಿ ಕೂರಿಸಿದ್ದೆ.

ಹೊಲಿಗೆ ಕೇಳಿಸುವ ಹೊತ್ತಾಗಿತ್ತು. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲಿದ್ದುದನ್ನೆಲ್ಲ ಸರಿಸಿ, ದಾದಿಯ ಕೋಟನ್ನು ಮಡಿಸಿ ದಿಂಬು ಮಾಡಿ, "ಮಲಕ್ಕೋ" ಎಂದೆ.

"ಯಾರು ಹೊಲಿಯೋದು?"

"ನಾನು."

"ಅವರೆಲ್ಲ ಎದ್ದು ಓಡ್ತಾರೆ."

"ಓಡ್ಲಿ."

ಮೇಜಿನ ಕೆಳಗೆ ಒಂದು ದಪ್ಪ ಬಟ್ಟೆಯನ್ನು ಅವಳು ತನ್ನ ಪ್ರಯಾಣದ ಚೀಲಕ್ಕೆಂದು ಕತ್ತರಿಸಿಟ್ಟಿದ್ದಳು. ಎಲ್ಲರ ಬಟ್ಟೆಯ ನಡುವೆ ಅದನ್ನು ಹೊಲಿಯಲು ಪುರಸೊತ್ತಾಗಿರಲಿಲ್ಲ. ಅದನ್ನೇ ಎತ್ತಿಕೊಂಡು ಮಿಷಿನ್ ಮುಂದೆ ಕೂತೆ. ಅಕ್ಕ ಊರಿಗೆ ಹೋಗುವ ಚೀಲ ಎಂದು ಪುಟದಲ್ಲಿ ಬರೆದೆ. ನನ್ನ ತುಳಿತ ಮುಗ್ಗರಿಸುವ ತುಳಿತ. ಕೇಳುವವರು ಒಬ್ಬೊಬ್ಬರಾಗಿ ಇಳಿದುಹೋದರು. ಕಣ್ಣು ಮುಚ್ಚಿದ್ದ ಅಕ್ಕ, "ದಾರ ಬಿಗಿಯಾಯ್ತು, ಒಂಚೂರು ಸಡಿಲ ಮಾಡು" ಎಂದಳು. ಮಾಡಿದೆ. ಇನ್ನೊಮ್ಮೆ ಏನೋ ಹೇಳಹೊರಟವಳು ಅರ್ಧಕ್ಕೇ ಬಿಟ್ಟಳು. ನೋಡಿದರೆ ಬಾಯಿ ತುಸು ತೆರೆದಿತ್ತು, ಬೆರಳ ತುದಿಗಳು ಬಿಚ್ಚಿಕೊಂಡಿದ್ದವು. ಗೋಡೆಯ ಮೇಲಿನ ಕಾಗದದ ತೋಳುಗಳ ನೆರಳು ಅವಳ ಮೇಲೆ ಬಂದು ಕೂತಿತ್ತು.

ಚೀಲ ಮುಗಿದುಹೋಯಿತು. ಅದರಲ್ಲೇನಿದೆ, ಎರಡು ಪಕ್ಕ, ಒಂದು ತಳ, ಹಿಡಿಕೆ. ಕಾಲು ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಅಕ್ಕನ ರೆಪ್ಪೆ ಅಲುಗಿತು. ಸದ್ದು ನಿಂತರೆ ಎದ್ದುಬಿಡುತ್ತಾಳೆ. ಹೊಲಿದ ಅಂಚಿನ ಮೇಲೇ ಮತ್ತೊಂದು ಹೊಲಿಗೆ ಶುರುಮಾಡಿದೆ. ಅದೂ ಮುಗಿದಾಗ ಅದರ ಪಕ್ಕದಲ್ಲಿ ಇನ್ನೊಂದು. ಬಿಸಿಲು ಗೋಡೆ ಬಿಟ್ಟು ನೆಲಕ್ಕಿಳಿಯಿತು, ಬೀದಿಯ ಅಂಗಡಿಗಳು ಬಾಗಿಲು ಪೂರ್ತಿ ತೆರೆದವು, ಅಕ್ಕ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ನಾನು ಆ ಚೀಲವನ್ನು ಹೊಲಿಯುತ್ತಲೇ ಇದ್ದೆ. ಅಷ್ಟು ಗಟ್ಟಿಯಾದ ವಸ್ತು ನಮ್ಮ ಅಂಗಡಿಯಿಂದ ಹೊರಗೆ ಹೋದದ್ದೇ ಇಲ್ಲ.