ಜಪಾನಿಗೆ ಹೋಗುವ ಮಾಲು

ಬಿಸಿನೀರಿನ ಪಾತ್ರೆಯಿಂದ ಗೊಂಬೆಯನ್ನು ಎತ್ತಿ, ಟವೆಲ್ಲಿನಲ್ಲಿ ಬಿಗಿಯಾಗಿ ಹಿಡಿದು, ಪ್ರಣಾಲಿ ಅದರ ತಲೆಯನ್ನು ತಿರುಗಿಸಿ ಎಳೆದಳು. ಬರಲಿಲ್ಲ. ಮತ್ತೆ ಮುಳುಗಿಸಿ ಒಂದು ನಿಮಿಷ ಕಾದಳು. ಎರಡನೆಯ ಸಲ ಚಟಕ್ಕೆಂದು ಕಳಚಿ ಬಂತು. ನೀಲಿ ಕೂದಲಿನ ತಲೆ ಅವಳ ಎಡಗೈಯಲ್ಲಿ, ಮುಂಡ ಟವೆಲ್ಲಿನಲ್ಲಿ, ಗೊಂಬೆಯ ಕಡ್ಡಿಯಷ್ಟು ದಪ್ಪದ ಕತ್ತಿ ಅಡಿಗೆಕಟ್ಟೆಯ ಮೇಲೆ.

"ಯಾಕ ಅದರ ಕುತ್ತಿಗಿ ಮುರ್ಯಾಕತ್ತಿ?" ಹೊಸ್ತಿಲ ಬಳಿ ಚಾದರ ಹಾಸಿಕೊಂಡು ಕೂತಿದ್ದ ತಾಯಿ ಸೀತವ್ವ ಕೇಳಿದಳು. "ನಿನ್ನೆ ನನಗ ಮುಟ್ಟಾಕ ಕೊಡಲಿಲ್ಲ. ಇವತ್ತ ಕುದಿಯೂ ನೀರಾಗ ಅದ್ದಾಕತ್ತಿ."

"ಅಸಲಿ ಐತೋ ನಕಲಿ ಐತೋ ನೋಡಬೇಕ ಅವ್ವಾ. ಜರಾ ಥಾಂಬ, ತಡಿ."

ಪಾರ್ಸೆಲ್ ಬಂದದ್ದು ಶನಿವಾರ. ಡಬ್ಬಿಯ ಮೇಲೆ ಜಪಾನಿ ಅಕ್ಷರಗಳು, ಮೂಲೆಯಲ್ಲಿ ಬೆಳಕಿಗೆ ಬಣ್ಣ ಬದಲಿಸುವ ಸ್ಟಿಕ್ಕರು. ಆನ್‌ಲೈನ್ ಅಂಗಡಿಯ ಪುಟದಲ್ಲಿ 'ಜಪಾನಿನಿಂದ ನೇರ ನಿಮ್ಮ ಮನೆಗೆ, ನೂರಕ್ಕೆ ನೂರು ಅಸಲಿ' ಎಂದು ಬರೆದಿತ್ತು. ಮಿರಜದ ಔಷಧ ಅಂಗಡಿಯಲ್ಲಿ ದಿನವಿಡೀ ನಿಂತು ಬಿಲ್ಲು ಮಾಡುವ ಪ್ರಣಾಲಿ ದೀಪಾವಳಿಯ ಬೋನಸ್ಸನ್ನು ಮುಟ್ಟದೆ ಇಟ್ಟುಕೊಂಡಿದ್ದದ್ದು ಇವಳಿಗಾಗಿ. ಮೊಬೈಲಿನ ಒಡೆದ ಗಾಜಿನ ಹಿಂದೆ ನಾಲ್ಕು ವರ್ಷ ನೋಡಿದ ಅನಿಮೆಯ, ಜಪಾನಿ ಕಾರ್ಟೂನ್ ಸರಣಿಯ ಹುಡುಗಿ. ಹದಿನೇಳು ಕಂತುಗಳ ಉದ್ದಕ್ಕೂ ಎಲ್ಲರ ಮಾತು ಕೇಳಿಸಿಕೊಂಡು ಸುಮ್ಮನಿದ್ದು, ಒಂದೇ ಒಂದು ಸಲ ಕತ್ತಿ ಹಿರಿಯುವವಳು. ಮಿರಜದಿಂದ ಕುಪವಾಡದ ಮನೆಗೆ ಬರುವ ರಿಕ್ಷಾದಲ್ಲಿ, ಇಬ್ಬರು ಗಂಡಸರ ಮೊಳಕೈಗಳ ನಡುವೆ ಮುದುರಿ ಕೂತಾಗಲೆಲ್ಲ ಪ್ರಣಾಲಿಗೆ ಆ ಹದಿನೆಂಟನೆಯ ಕಂತು ನೆನಪಾಗುತ್ತಿತ್ತು.

ಆದರೆ ಕಾಲರಿನ ಬಿಳಿಯ ಮೇಲೆ ನೀಲಿ ಬಣ್ಣ ಕೂದಲೆಳೆಯಷ್ಟು ಹರಡಿತ್ತು. ಆ ಅನಿಮೆಯ ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಕೇಳಿದಳು. ತಲೆ ಕಳಚಿ ನೋಡು, ತಲೆಯ ಬುಡದಲ್ಲಿರುವ ಕುತ್ತಿಗೆಯ ಗೂಟ ಕನ್ನಡಿಯ ಹಾಗೆ ನುಣುಪಾಗಿರಬೇಕು, ಅಸಲಿಗೆ ಅಲ್ಲಿ ಒಂದು ಗೀರೂ ಇರುವುದಿಲ್ಲ ಎಂದರು.

ಗೂಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂರು ಗೀರುಗಳಿದ್ದವು. ನಡುವಿನದು ಉದ್ದ, ಅಕ್ಕಪಕ್ಕದವು ಗಿಡ್ಡ. ಒಂದೇ ಬಿಂದುವಿನಿಂದ ಹೊರಟ ಗುಬ್ಬಿಯ ಕಾಲು.

ಪ್ರಣಾಲಿ ತಲೆಯನ್ನು ಕೆಳಗಿಡಲಿಲ್ಲ. ಆ ಗೀರುಗಳ ಮೇಲೆ ಉಗುರು ಎಳೆದು ನೋಡಿದಳು.

ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಅಚ್ಚಿನ ಕಾರ್ಖಾನೆಗಳಿಂದ ಈ ಓಣಿಯ ಮನೆಗಳಿಗೆ ಪ್ಲಾಸ್ಟಿಕ್ ಮಾಲು ಚೀಲಗಟ್ಟಲೆ ಬರುತ್ತದೆ. ಅಚ್ಚಿನ ಎರಡು ಹೋಳು ಕೂಡುವ ಕಡೆ ತೆಳುವಾದ ಪರೆ ಉಳಿದಿರುತ್ತದೆ. ಅದನ್ನು ಹೆಂಗಸರು ಸಣ್ಣ ಚಾಕುವಿನಿಂದ ಕೆರೆದು ತೆಗೆಯುತ್ತಾರೆ. ಕೆಟ್ಟ ಮಾಲು ತಿರುಗಿ ಬಂದಾಗ ಯಾರದೆಂದು ಜಗಳವಾಗಬಾರದಲ್ಲ. ಅದಕ್ಕೆ ಒಬ್ಬೊಬ್ಬಳಿಗೂ ಒಂದೊಂದು ಗುರುತು. ಮುಚ್ಚಿಹೋಗುವ ಜಾಗದಲ್ಲಿ, ಚಾಕುವಿನ ತುದಿಯಿಂದ. ಎದುರುಮನೆ ಚಂದ್ರಾಬಾಯಿಯದು ಎರಡು ಅಡ್ಡಗೀರು. ಸೀತವ್ವನದು ಗುಬ್ಬಿಯ ಕಾಲು. ಹತ್ತನೆಯ ತರಗತಿಯ ರಜೆಯಲ್ಲಿ ಬಾಟಲಿ ಮುಚ್ಚಳಗಳ ಒಳಗೆ ಪ್ರಣಾಲಿಯೇ ಆ ಗುರುತನ್ನು ಸಾವಿರಾರು ಸಲ ಕೊರೆದಿದ್ದಳು.

ತಾಯಿಯ ಮುಂದೆ ಹರಡಿದ್ದ ರಾಶಿಯನ್ನು ಈಗ ಮೊದಲ ಸಲ ಸರಿಯಾಗಿ ನೋಡಿದಳು. ಬೋರೆಹಣ್ಣಿನಷ್ಟಿರುವ ಬೋಳು ತಲೆಗಳು. ಕಣ್ಣಿಲ್ಲ, ಬಾಯಿಲ್ಲ, ಕೂದಲಿಲ್ಲ. ಎಂಟು ತಿಂಗಳಿಂದ ಅವನ್ನು ದಾಟಿಕೊಂಡೇ ಕೆಲಸಕ್ಕೆ ಹೋಗಿ ಬಂದಿದ್ದಳು.

"ಅವ್ವಾ, ಇದನ್ನ ನೋಡ."

ಸೀತವ್ವ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ದೂರ ಹಿಡಿದಳು, ಹತ್ತಿರ ಹಿಡಿದಳು. ಅವಳ ಮುಖ ಅರಳಿದ್ದನ್ನು ಕಂಡು ಪ್ರಣಾಲಿಗೆ ಗಾಬರಿಯಾಯಿತು.

"ನಂದ! ನನ್ನ ಕೈ ಇದು!" ಎದ್ದೇ ನಿಂತಳು. "ಏ ಚಂದ್ರಾಬಾಯಿ, ಬಾ ಇಲ್ಲಿ! ನೋಡ, ಜಪಾನಕ್ಕ ಹೋಗಿ ಬಂದೈತಿ ನನ್ನ ತಲಿ! ಕಣ್ಣ ಬರಸಗೊಂಡ, ಕೂದಲಾ ಹಚಗೊಂಡ, ತಿರುಗಿ ನಮ್ಮನಿಗೇ ಬಂದೈತಿ!"

ಚಂದ್ರಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಖರೆನ? ಇಷ್ಟ ಚಂದ ಆಗ್ತಾವೇನ ಅವು? ನಂದೊಂದ ಬರಲಿಲ್ಲ ನೋಡ."

ಇದು ಜಪಾನಿಗೆ ಹೋಗುವ ಮಾಲು ಎಂದು ಕಾರ್ಖಾನೆಯ ಮಾಲೀಕ ರಾವಸಾಬ ಶೇಠ ಮೊದಲ ಚೀಲದೊಡನೆ ತಾನೇ ಬಂದಾಗ ಹೇಳಿದ್ದ. ಸೋಪು ಹಚ್ಚಿ ಕೈ ತೊಳೆಯಬೇಕು, ಪಕ್ಕದಲ್ಲಿ ಚಹಾದ ಕಪ್ಪು ಇರಬಾರದು, ಅರಿಷಿಣದ ಬೆರಳು ತಾಗಬಾರದು. ಸೀತವ್ವ ಪೆಟ್ಟಿಗೆಯ ತಳದಿಂದ ಬಿಳಿ ಚಾದರ ತೆಗೆದು ಹಾಸಿದ್ದಳು. ಕೆಲಸದ ಹೊತ್ತಿನಲ್ಲಿ ಹಲ್ಲಿಗೆ ಮಿಶ್ರಿಯ ತಂಬಾಕು ಪುಡಿ ತಿಕ್ಕುವುದನ್ನು ಬಿಟ್ಟಿದ್ದಳು. ನೀರಿನ ನಳದ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಅಥಣಿ ಕಡೆಯ ತನ್ನ ತಂಗಿಗೆ ಫೋನಿನಲ್ಲಿ, ಎಲ್ಲ ಕಡೆ ಹೇಳಿದ್ದಳು. ಪ್ರಣಾಲಿಗೂ ಹೇಳಿದ್ದಳು. ಪ್ರಣಾಲಿಯ ಕಿವಿಯಲ್ಲಿ ಆಗ ಇಯರ್‌ಫೋನ್ ಇತ್ತು.

"ಅದು ಎಲ್ಲಿಗೂ ಹೋಗಿಲ್ಲ ಅವ್ವಾ," ಎಂದಳು ಪ್ರಣಾಲಿ. "ಎಂಐಡಿಸಿಯಿಂದ ಸಾಂಗಲಿ. ಸಾಂಗಲಿಯಿಂದ ನಮ್ಮನಿ. ಇಲ್ಲಿ ನೋಡ, ಪಾರ್ಸೆಲ್ ಹತ್ತಿದ್ದ ಊರು ಚೀಟ್ಯಾಗ ಬರದಾರ. ಎರಡ ದಿನದಾಗ ಬಂತು ಅಂತ ನಾನೂ ಹುಚ್ಚಿಗತೆ ಖುಷಿ ಪಟ್ನಿ."

"ಡಬ್ಬಿ ಮ್ಯಾಲೆ ಜಪಾನ ಅಂತ ಐತಿ ಅಂದಿ ನೀನ."

"ಬರದಾರ. ಬರ್ಯಾಕ ಏನ ಹೋಗತೈತಿ ಅವರದು? ಇದು ನಕಲಿ. ಫಸವಣೂಕ, ಮೋಸ. ನಿನಗೂ, ನನಗೂ."

ನಕಲಿ ಎಂಬ ಮಾತಿಗೆ ಸೀತವ್ವ ಕೈಯಲ್ಲಿದ್ದ ತಲೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು, ತನ್ನ ಗೀರುಗಳೇ ಸುಳ್ಳಾಗಿರಬಹುದೇನೋ ಎಂಬಂತೆ. "ನಕಲಿ ಹೆಂಗ ಆಗತೈತಿ? ನಾ ಮಾಡಿದ್ದ ಇದು," ಎಂದಳು.

ಪ್ರಣಾಲಿ ಗೂಟದ ಫೋಟೋ ತೆಗೆದು ಆನ್‌ಲೈನ್ ಅಂಗಡಿಗೆ ಕಳಿಸಿದಳು. ಇದು ಅಸಲಿ ಅಲ್ಲ, ವಾಪಸ್ಸು ತಗೊಳ್ಳಿ ಎಂದು ಬರೆದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಅವಳು ಅದನ್ನು ಎರಡು ಸಲ ಓದಿದಳು.

"ಏನಂತಾರ?"

"ಗಾಬರಿ ಆಗಬ್ಯಾಡ್ರಿ, ಆ ಮೂರು ಗೀರು ಜಪಾನಿನ ಹಿರಿಯ ಕುಶಲಕರ್ಮಿಯೊಬ್ಬರ ಕೈಗುರುತು, ಅದೇ ಅಸಲಿ ಅನ್ನೂದಕ್ಕ ಪುರಾವೆ ಅಂತಾರ."

ಚಂದ್ರಾಬಾಯಿ ಹಿಟ್ಟಿನ ಕೈ ಬಾಯಿಗೆ ಅಡ್ಡ ಹಿಡಿದಳು. "ಅಯ್ಯ ಸೀತವ್ವಾ! ಜಪಾನದಾಕಿ ಅಂದ್ರ ನಿನ್ನ ರೇಶನ್ ಕಾರ್ಡ್ ರದ್ದ ಮಾಡ್ತಾರ ನೋಡ ಈಗ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪ್ರಣಾಲಿ ನಗಲಿಲ್ಲ. ಅವಳಿಗೆ ಸುಳ್ಳಿಗಿಂತ ಆ ಸುಳ್ಳಿನ ವಿನಯ ಉರಿ ಹತ್ತಿಸಿತ್ತು. ಎಲ್ಲೋ ಒಬ್ಬ, ಫೋಟೋವನ್ನು ದೊಡ್ಡದು ಮಾಡಿ ನೋಡಿ, ತನ್ನ ತಾಯಿಯ ಚಾಕುವಿನ ಗೀರಿಗೆ ಬೇರೊಬ್ಬನ ಹೆಸರು ಕೊಟ್ಟಿದ್ದ. ಕೊನೆಯಲ್ಲಿ ಧನ್ಯವಾದವನ್ನೂ ಹೇಳಿದ್ದ.

"ಅವ್ವಾ, ಇದನ್ನ ಹಿಡಿ. ಇನ್ನೊಂದ ಕೈಯಾಗ ರಾಶ್ಯಾಗಿಂದ ಒಂದ ಬೋಳ ತಲಿ ಹಿಡಿ. ಗುರುತ ಎರಡೂ ಕಾಣಬೇಕ."

ಚಂದ್ರಾಬಾಯಿಯ ನಗು ನಿಂತಿತು. "ಫೋಟೋ ಹಾಕತೀಯೇನ? ಶೇಠ ನೋಡಿದ್ರ ನಿಮ್ಮನಿಗೆ ಚೀಲ ಬರೂದ ಬಂದ ಆಗತೈತಿ, ಹುಡುಗಿ. ವಿಚಾರ ಮಾಡ."

ಪ್ರಣಾಲಿ ಫೋನು ಕೆಳಗಿಳಿಸಿದಳು. ಔಷಧ ಅಂಗಡಿಯ ಸಂಬಳದಲ್ಲಿ ಮನೆ ಬಾಡಿಗೆ ಕಳೆದರೆ ಉಳಿಯುವುದು ಎಷ್ಟೆಂದು ಅವಳಿಗೆ ಗೊತ್ತಿತ್ತು. ಮನೆ ನಡೆಯುತ್ತಿದ್ದದ್ದು ಈ ಚಾದರದ ಮೇಲಿನ ರಾಶಿಯಿಂದ.

"ಶೇಠ ಅಂಥಾವ ಅಲ್ಲ," ಎಂದಳು ಸೀತವ್ವ. ಯೋಚಿಸಿ ಹೇಳಿದಳು. "ಇದ ಹೊಸ್ತಲದಾಗ ನಿಂತ ನನಗ ಹೇಳ್ಯಾನ, ಜಪಾನಕ್ಕ ಹೋಗ್ತಾವ ಅಂತ. ಅವಂಗೂ ಯಾರೋ ಮೋಸ ಮಾಡ್ಯಾರ. ತಗಿ ನೀ ಫೋಟೋ, ಅವಂಗೂ ತಿಳೀಲಿ. ಮಾರಿ ಬ್ಯಾಡ. ಕೈ ಅಷ್ಟ ತಗಿ."

ಎರಡು ತಲೆಗಳನ್ನು ಎರಡು ಅಂಗೈಗಳ ಮೇಲಿಟ್ಟು ಅವಳು ಕೈ ಚಾಚಿದಳು. ಉಗುರಿನ ಸುತ್ತ ಹಳೆಯ ಚಾಕು ಗಾಯಗಳು. ಒಂದು ತಲೆಗೆ ಕಣ್ಣಿದ್ದವು, ಇನ್ನೊಂದಕ್ಕೆ ಇರಲಿಲ್ಲ. 'ಈ ಜಪಾನಿ ಕುಶಲಕರ್ಮಿ ನನ್ನ ತಾಯಿ. ಇರುವುದು ಕುಪವಾಡದಲ್ಲಿ' ಎಂದು ಬರೆದು, ಅಂಗಡಿಯ ಪುಟದಲ್ಲಿ ಎಲ್ಲರೂ ನೋಡುವಂತೆ ಪ್ರಣಾಲಿ ಹಾಕಿದಳು.

ಸೋಮವಾರ ಸಂಜೆ ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಸ್ಕೂಟರ್ ಬಂದು ನಿಂತಿತು. ಮೊದಲ ಚೀಲದ ನಂತರ ತರುತ್ತಿದ್ದದ್ದು ಯಾವಾಗಲೂ ಟೆಂಪೊದವನು. ಇವತ್ತು ರಾವಸಾಬ ತಾನೇ ಕಾಲಸಂದಿಯಲ್ಲಿ ಚೀಲ ಇಟ್ಟುಕೊಂಡು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಒಂದು ಡಬ್ಬಿ.

"ಬರ್ರಿ ಶೇಠ, ಕುಂದ್ರಿ. ಚಹಾ ಇಡತೀನಿ," ಸೀತವ್ವ ಕುರ್ಚಿಯ ಮೇಲಿನ ಬಟ್ಟೆ ತೆಗೆದಳು.

"ಚಹಾ ಬ್ಯಾಡ ಮಾವಶಿ, ಈಗ ಕುಡದೀನಿ." ಅವನು ಚೀಲವನ್ನು ಒಳಗೆ ಇಳಿಸಿ, ಕೂತು, ಪ್ರಣಾಲಿಯ ಕಡೆ ನೋಡಿ ನಕ್ಕ. "ಏನವಾ, ನಮ್ಮನ್ನ ಫೇಮಸ್ ಮಾಡಿದಿ. ಮುಂಜಾನಿಂದ ಫೋನ ಮ್ಯಾಲೆ ಫೋನ."

"ನಿಮ್ಮ ಹೆಸರ ಹಾಕಿಲ್ಲ ಕಾಕಾ."

"ಕುಪವಾಡ ಅಂತ ಹಾಕೀದಿ. ಈ ಅಚ್ಚ ಕುಪವಾಡದಾಗ ಮತ್ತ ಯಾರ ಕಡೆ ಐತಿ? ತಗದ ಬಿಡ ಅದನ್ನ. ನಿನ್ನ ರೊಕ್ಕ ನಾ ಕೊಡಸ್ತೀನಿ."

"ನಕಲಿ ಮಾಡಿ ಅಸಲಿ ಅಂತ ಮಾರೀರಿ."

"ನಾ ಎಲ್ಲಿ ಮಾರೀನಿ? ನಾ ಅಚ್ಚ ಹೊಡೀತೀನಿ, ಬಣ್ಣ ಹಚ್ಚಸ್ತೀನಿ, ಕಳಸ್ತೀನಿ. ಡಬ್ಬಿ ಅವರದು, ಡಬ್ಬಿ ಮ್ಯಾಲಿನ ಮಾತೂ ಅವರದು." ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಹಟಮಾರಿ ಗಿರಾಕಿಯೊಡನೆ ಮಾತಾಡುವವನ ಸಮಾಧಾನವಿತ್ತು. "ನೀನ ಹೇಳ, ಗೊಂಬಿಗೆ ಏನ ಕಡಿಮಿ ಆಗೈತಿ? ನಿಮ್ಮವ್ವನ ಕೈ ಅದು."

"ಹಂಗಾದ್ರ ಡಬ್ಬಿ ಮ್ಯಾಲೆ ಕುಪವಾಡ ಅಂತ ಬರೀರಿ. ಅವ್ವನ ಹೆಸರ ಬರೀರಿ."

ರಾವಸಾಬ ಮೃದುವಾಗಿ ಕೇಳಿದ. "ಬರದಿದ್ರ ನೀ ತಗೋತಿದ್ದೇನ?"

ಎದುರುಮನೆಯ ಬಾಗಿಲಲ್ಲಿ ಚಂದ್ರಾಬಾಯಿ ಅಕ್ಕಿ ಆರಿಸುವ ನೆಪದಲ್ಲಿ ಕೂತಿದ್ದಳು. ಅವಳ ಮೊರದಲ್ಲಿ ಅಕ್ಕಿ ಅಲುಗಾಡುತ್ತಿರಲಿಲ್ಲ.

"ಶೇಠ," ಸೀತವ್ವ ಕೇಳಿದಳು. ಗೋಡೆಗೆ ಒರಗಿ ನಿಂತೇ ಇದ್ದಳು. "ಇವು ಜಪಾನಕ್ಕ ಹೋಗ್ತಾವ ಅಂದಿದ್ರಿ."

"ಅಂದಿದ್ನಿ ಮಾವಶಿ."

"ನಿಮಗ ಗೊತ್ತಿತ್ತೇನ, ಹೋಗೂದಿಲ್ಲ ಅಂತ?"

ಅವನು ನಕ್ಕ. ಕೆಟ್ಟ ನಗುವಲ್ಲ. ಮನೆಯವರೊಡನೆ ನಗುವಂಥದು. "ಹಂಗ ಹೇಳಲಿಲ್ಲ ಅಂದ್ರ ನೀವು ಕೈ ತೊಳಕೊಂಡ ಕುಂದರ್ತಿದ್ರೇನ? ಬಿಳೀ ಚಾದರ ಹಾಸ್ತಿದ್ರೇನ? ಜಪಾನ ಅಂದಿದ್ದಕ್ಕನ ಮಾವಶಿ, ಕೆಲಸ ಇಷ್ಟ ನೀಟ ಆಗೈತಿ. ಬ್ಯಾರೇ ಓಣ್ಯಾಗೂ ಅದನ್ನ ಹೇಳೀನಿ."

"ಫಿನೈಲ್ ಬಾಟ್ಲಿ ಮುಚ್ಚಳ ಕೊಡತಿದ್ರಿ ನೀವು, ಮೊದಲ. ಅವೇನ ಜಪಾನಕ್ಕ ಹೋಗ್ತಿರಲಿಲ್ಲ," ಎಂದಳು ಸೀತವ್ವ. "ಅದರಾಗ ಒಂದರ ತಿರುಗಿ ಬಂದಿತ್ತೇನ್ರಿ, ನನ್ನ ಗುರುತಿಂದು?"

"ಇಲ್ಲಲ್ಲ. ಅದಕ್ಕನ ನಿಮಗ ಈ ಕೆಲಸ ಕೊಟ್ಟಿದ್ದು." ಅವನು ವಿಷಯ ಮುಗಿಯಿತು ಎಂಬಂತೆ ತೊಡೆ ತಟ್ಟಿಕೊಂಡ. "ಈಗ ಕೇಳ್ರಿ. ಈ ಚೀಲದಿಂದ ಗುರುತ ಹಾಕೂದ ಬ್ಯಾಡ. ಸ್ವಚ್ಛ ಕೆರದ ಕೊಡ್ರಿ, ಸಾಕು. ರೇಟ್ ಒಂದೂವರಿ ಪಟ್ಟ ಮಾಡ್ತೀನಿ, ನಿಮಗಷ್ಟ. ಮತ್ತ ಪ್ರಣಾಲಿ, ಇದು ನಿನಗ."

ಡಬ್ಬಿಯನ್ನು ಅವಳ ಕೈಗಿಟ್ಟ. "ಅಚ್ಚ ಮಾಡಾಕ ಎರಡ ತರಸಿದ್ನಿ, ಖುದ್ದ ಜಪಾನದಿಂದ. ಒಂದನ್ನ ಕತ್ತರಿಸಿದ್ವಿ. ಇದನ್ನ ಬಣ್ಣ ನೋಡಾಕ ಇಟಗೊಂಡಿದ್ನಿ. ಇದು ಅಸಲಿ. ಫೋಟೋ ತಗದ ಬಿಡ, ಇದನ್ನ ಇಟಗೋ."

ಪ್ರಣಾಲಿ ಮುಚ್ಚಳ ತೆರೆದಳು. ತೆರೆಯಬಾರದು ಎಂದುಕೊಂಡೇ ತೆರೆದಳು. ಹುಡುಗಿ ಹತ್ತಿಯಂಥ ಕಾಗದದಲ್ಲಿ ಮಲಗಿದ್ದಳು. ಕೈಗೆತ್ತಿಕೊಂಡರೆ ಭಾರವಿತ್ತು. ಕೂದಲ ತುದಿ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವಷ್ಟು ತೆಳುವಾಗಿತ್ತು, ಕಣ್ಣಿನ ನೀಲಿಯಲ್ಲಿ ಇನ್ನೂ ಎರಡು ನೀಲಿಗಳಿದ್ದವು. ಕಾಲರು ಶುಭ್ರ ಬಿಳಿ. ಒರೆಯ ಮೇಲೆ ಬೆರಳಿಟ್ಟ ರೀತಿಯಲ್ಲಿ, ಹದಿನೆಂಟನೆಯ ಕಂತಿನಲ್ಲಿ ಕತ್ತಿ ಹಿರಿಯುವ ಮುನ್ನಿನ ಆ ಒಂದು ಕ್ಷಣದ ತಡೆ ಹಾಗೆಯೇ ಇತ್ತು. ಪ್ರಣಾಲಿಯ ಹೆಬ್ಬೆರಳು ತಾನಾಗಿ ಗೊಂಬೆಯ ಪಾದದಡಿಯ ಮುದ್ರೆಯನ್ನು ಹುಡುಕಿತು. ಸಿಕ್ಕಿತು. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು, ಆದರೂ ಕೈ ಬಿಡಲಿಲ್ಲ.

"ಬರೋಬರ ಐತೋ ಇಲ್ಲೋ?" ಎಂದ ರಾವಸಾಬ.

ಸೀತವ್ವ ಗೋಡೆಯಿಂದ ಈಚೆ ಬಂದಳು. ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗೊಂಬೆಯನ್ನು ತೆಗೆದುಕೊಂಡಳು. ಕಾಗದದಲ್ಲಿ ಮಲಗಿಸಿ, ಡಬ್ಬಿ ಮುಚ್ಚಿ, ಬಾಯಿ ಕಟ್ಟಿದ ಚೀಲದ ಮೇಲಿಟ್ಟಳು. ಚೀಲವನ್ನು ಕಾಲಿನಿಂದ ತಳ್ಳಲಿಲ್ಲ. ಬಗ್ಗಿ ಎರಡೂ ಕೈಯಿಂದ ಹಿಡಿದು ಅವನ ಕಡೆಗೆ ಸರಿಸಿದಳು.

"ಮಾವಶಿ, ರೇಟ್ ಒಂದೂವರಿ ಪಟ್ಟ ಅಂದೀನಿ. ಕೇಳಿಸ್ತೋ ಇಲ್ಲೋ?"

"ಕೇಳಿಸ್ತು," ಎಂದಳು ಸೀತವ್ವ. "ಚೀಲಾನೂ ಬ್ಯಾಡ, ಗೊಂಬಿನೂ ಬ್ಯಾಡ. ಒಯ್ರಿ."