ಕೊಯಮತ್ತೂರಿನ ಮೂರನೇ ತಿರುವು

ಸುಳ್ಳು ಹೇಳುವವನಿಗೆ ನೆನಪು ಗಟ್ಟಿ ಇರಬೇಕು ಎನ್ನುತ್ತಾರೆ. ನನ್ನದು ಗಟ್ಟಿಯಾಗಿಯೇ ಇತ್ತು. ಆದರೆ ನನ್ನ ಮಗಳದ್ದು ಅದಕ್ಕಿಂತ ಗಟ್ಟಿ.

ಏಳು ವರ್ಷಗಳ ಹಿಂದೆ ನಾನು ಕೊಯಮತ್ತೂರಿಗೆ ಹೋದದ್ದು ತೋಟಕ್ಕೆ ಪಂಪ್ ತರಲು. ಪಂಪ್ ನಾಳೆ ಸಿಗುತ್ತದೆ ಎಂದರು. ಊರಾಚೆ ಕಾರು ರೇಸಿನ ಟ್ರ್ಯಾಕ್ ಇದೆಯೆಂದು ಗೊತ್ತಿತ್ತು. ಹೋಗಿ ಬೇಲಿಯ ಹೊರಗೆ ನಿಂತು ಮಧ್ಯಾಹ್ನದವರೆಗೂ ನೋಡಿದೆ. ಯಾರೋ ಪುಣ್ಯಾತ್ಮ ತನ್ನ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಒಂದು ಫೋಟೋ ತೆಗೆದ. ಅಷ್ಟೇ ನಡೆದದ್ದು. ಆ ಫೋಟೋವನ್ನು ನಮ್ಮ ಕಾರುಹುಚ್ಚರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದಾಗ ಸುಳ್ಯದ ಲತೀಶ, "ಗಿರಿಯಣ್ಣ, ಟ್ರ್ಯಾಕಿಗೆ ಇಳಿದದ್ದಾ?" ಎಂದು ಕೇಳಿದ. ನಾನು ಹೆಬ್ಬೆರಳಿನ ಗುರುತೊಂದನ್ನು ಒತ್ತಿದೆ.

ಆಮೇಲೆ ಆ ಹೆಬ್ಬೆರಳು ಬೆಳೆಯಿತು. ಭಾನುವಾರ ಕಬಕದ ಚಹದಂಗಡಿಯಲ್ಲಿ ಸೇರಿದರೆ ನಮಗೆ ಬೇರೆ ಮಾತಿಲ್ಲ. ಲತೀಶನಿಗೆ ಪೋರ್ಷೆಯೇ ಬೇಕು.

"ನಿನ್ನ ಪೋರ್ಷೆ ನಮ್ಮ ಗೇಟಿನ ಚರಂಡಿ ದಾಟ್ಲಿಕ್ಕಿಲ್ಲ ಮಾರಾಯ," ಎನ್ನುತ್ತಿದ್ದ ಗುತ್ತಿಗಾರಿನ ಉಲ್ಲಾಸ. "ಆನೆ ಎದುರು ಬಂದ್ರೆ ರಿವರ್ಸಿನಲ್ಲೂ ಓಡ್ಬೇಕು. ನನಗೆ ಹಳೆ ರ‍್ಯಾಲಿ ಲ್ಯಾನ್ಸರೇ ಸೈ."

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಟ್ರ್ಯಾಕಿನಲ್ಲಿ ಓಡಿಸಿದವನು ನಾನೊಬ್ಬನೇ ತಾನೇ! ಮೂರನೇ ತಿರುವು, ನೂರಹತ್ತರ ವೇಗ, ಆಕ್ಸಿಲರೇಟರಿನಿಂದ ಕಾಲು ಎತ್ತಲೇ ಇಲ್ಲ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ. ಒಂದು ಭಾನುವಾರ ಉಮೇದು ಹೆಚ್ಚಾಗಿ ಮಳೆಯನ್ನೂ ಸುರಿಸಿದೆ. ಪಕ್ಕದಲ್ಲಿ ನನ್ನ ಮಗಳು ಚಿನ್ಮಯೀ ಬನ್ಸ್ ತಿನ್ನುತ್ತ ಕಣ್ಣರಳಿಸಿ ಕೇಳುತ್ತಿದ್ದಳು. ಆಗ ಅವಳಿಗೆ ಹದಿನೈದು.

ಹದಿನೆಂಟಕ್ಕೆ ಅವಳಿಗೆ ಕಾರು ಕಲಿಸಿದವನೂ ನಾನೇ. ಉಪ್ಪಿನಂಗಡಿ ಕಡೆಯಿಂದ ಬರುವ ಒಳರಸ್ತೆ ಕಬಕದಲ್ಲಿ ಮುಖ್ಯರಸ್ತೆಗೆ ಸೇರುವಲ್ಲಿ ಎಡಗಡೆಗೊಂದು ಗೋಡೆ ಅಡ್ಡ. ಪಕ್ಕದ ಸೀಟಿನಲ್ಲಿ ಕೂತವನಿಗೆ ಮೊದಲು ರಸ್ತೆ ಕಾಣುವುದು. ನಾನು "ಹೋಗು" ಎಂದರೆ ಅವಳು ತಿರುಗಿಯೂ ನೋಡದೆ ಹೋಗುತ್ತಿದ್ದಳು. ಅಷ್ಟು ನಂಬಿಕೆ.

ಈ ಫೆಬ್ರವರಿಯಲ್ಲಿ ಲತೀಶನ ಬಳಗದವರು ಪೆರಾಬೆಯಲ್ಲಿ ಮಣ್ಣಿನ ಟ್ರ್ಯಾಕಿನ ಸ್ಪರ್ಧೆ ಇಟ್ಟರು. ರಬ್ಬರ್ ಕಡಿದು ಬಯಲಾಗಿದ್ದ ಗುಡ್ಡೆ. ಒಬ್ಬೊಬ್ಬರೇ ಓಡಿಸುವುದು, ಎರಡು ಸರದಿ, ಎರಡೂ ಸೇರಿ ಕಡಿಮೆ ಸಮಯ ತೆಗೆದುಕೊಂಡವರು ಗೆದ್ದ ಹಾಗೆ. ದಾರಿಯ ಗುರುತು ಹಾಕುವಾಗ ನನ್ನನ್ನೇ ಕರೆದು ತೋರಿಸಿದ್ದರು; ಅನುಭವಸ್ಥನಲ್ಲವೇ? ಮೂರನೇ ತಿರುವಿನ ಹೊರಬದಿಗೆ ಹಳೆಯ ಕೆಂಪುಕಲ್ಲಿನ ಕೋರೆ, ಎರಡಾಳು ಆಳ. ನಡುವೆ ಒಂದು ಸಾಲು ಹಳೆ ಟಯರು. ನಾನು ಸೊಂಟಕ್ಕೆ ಕೈಯಿಟ್ಟು ನಿಂತು, ಸಾಕು ಎಂದು ತಲೆಯಾಡಿಸಿ ಬಂದಿದ್ದೆ. ಚಿನ್ಮಯೀಯೂ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಹೊರಡುವ ಬೆಳಿಗ್ಗೆ ಹೆಂಡತಿ ಮನೋರಮಾ, "ಗೊತ್ತಿದ್ದವರು ನೀವು ಇದ್ದೀರಲ್ಲ, ನನಗೆ ಹೆದರಿಕೆ ಇಲ್ಲ," ಎಂದಿದ್ದಳು.

ಮೊದಲ ಸರದಿ ಮುಗಿದಾಗ ಚಿನ್ಮಯೀ ಮೂರನೆಯವಳು.

"ಅಪ್ಪ, ಆ ತಿರುವಿನಲ್ಲಿ ಹೆದರಿ ಕಾಲು ಎತ್ತಿದೆ. ಒಂದು ಸೆಕೆಂಡ್ ಅಲ್ಲೇ ಹೋದದ್ದು," ಎಂದಳು. "ಈ ಸಲ ನಿಮ್ಮ ಹಾಗೆಯೇ ಮಾಡುದು."

"ಕೊಯಮತ್ತೂರು ಸ್ಟೈಲ್!" ಎಂದು ಉಲ್ಲಾಸ ಶಿಳ್ಳೆ ಹೊಡೆದ. ನಾನೂ ನಕ್ಕೆ.

ಅಷ್ಟರಲ್ಲಿ, ಧೂಳು ಏಳದಂತೆ ನೀರು ಹಾಕುವ ಟ್ಯಾಂಕರಿನ ಹೈದರ್ ಬಂದು ನನ್ನನ್ನು ಬದಿಗೆ ಕರೆದ.

"ಗಿರಿಯಣ್ಣ, ವಾಲ್ವ್ ಸಿಕ್ಕಿಕೊಂಡು ಮೂರನೇ ತಿರುವಿಗೆ ನೀರು ಜಾಸ್ತಿ ಬಿತ್ತು. ಕೆಸರಾಗಿ ಉಂಟು. ಮಗಳಿಗೆ ಹೇಳಿ."

ನನ್ನ ನಗು ಅಲ್ಲಿಗೇ ಇಂಗಿತು. ಅವಳಿಗಿಂತ ಮುಂದೆ ಮೂರು ಕಾರುಗಳಿದ್ದವು. ಬಾವುಟ ಹಿಡಿದು ನಿಂತಿದ್ದ ಲತೀಶನಲ್ಲಿಗೆ ಓಡಿ, ಸ್ವಲ್ಪ ಹೊತ್ತು ನಿಲ್ಲಿಸು, ನೆಲ ಒಣಗಲಿ ಎಂದೆ.

"ಮಳೆಯಲ್ಲಿ ನೂರಹತ್ತು ಹೊಡೆದವರು ನೀವು ಹೇಳುದಾ ಇದು? ತಮಾಷೆ ಮಾಡ್ಬೇಡಿ ಮಾರಾಯ್ರೆ," ಎಂದು ಅವನು ಮೊದಲ ಕಾರಿಗೆ ಬಾವುಟ ಬೀಸಿಯೇ ಬಿಟ್ಟ.

ಇನ್ನು ಉಳಿದದ್ದು ಎರಡು ಕಾರು. ಆ ಹೊತ್ತಿಗಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಾನ ಉಳಿಯುವ ದಾರಿ ಯಾವುದಾದರೂ ಇದೆಯೇ ಎಂದು ಹುಡುಕುತ್ತಿದ್ದೆ, ಥೂ ನನ್ನ ಜನ್ಮಕ್ಕೆ! ಸಾಲಿನಲ್ಲಿದ್ದ ಅವಳ ಕಿಟಕಿಗೆ ಬಗ್ಗಿದೆ.

"ಮಗಾ, ಈ ಸಲವೂ ಕಾಲು ಎತ್ತು. ನೆಲ ಒದ್ದೆ ಉಂಟು."

"ಕೊಯಮತ್ತೂರಿನಲ್ಲೂ ಒದ್ದೆಯೇ ಇತ್ತಲ್ಲ ಅಪ್ಪ? ನೀವು ಎತ್ತಲಿಲ್ಲ."

"ಅದು ಡಾಮರು. ಇದು ಮಣ್ಣು."

"ಮಣ್ಣಿಗೂ ಅದೇ ಪಾಠ ಅಂತ ನೀವೇ ಹೇಳಿದ್ದು. ಎತ್ತಿದರೆ ಹಿಂಬದಿ ತಿರುಗುತ್ತದೆ ಅಂತ." ಅವಳು ಹೆಲ್ಮೆಟ್ ಹಾಕಿಕೊಂಡಳು. "ಹೆದರ್ಬೇಡಿ. ನೀವು ಹೇಳಿದ್ದು ಎಲ್ಲ ನೆನಪುಂಟು."

ಎಲ್ಲವೂ ನೆನಪಿತ್ತು, ಅದೇ ಗ್ರಹಚಾರ. ಹೊರಬರುವ ಒಂದೊಂದು ಬಾಗಿಲನ್ನೂ ಏಳು ವರ್ಷ ಕೂತು ನಾನೇ ಮುಚ್ಚಿಕೊಂಡು ಬಂದಿದ್ದೆ. ಮುಂದಿದ್ದ ಕೊನೆಯ ಕಾರೂ ಆ ತಿರುವಿನಲ್ಲಿ ವೇಗ ಇಳಿಸಿ ದಾಟಿಹೋಯಿತು. ಇವಳ ಕಾರು ಗೆರೆಗೆ ಬಂದು ನಿಂತಿತು. ಲತೀಶ ಬಾವುಟ ಎತ್ತಿದ.

ನಾನು ಓಡಿಹೋಗಿ ಬಾನೆಟ್ಟಿಗೆ ಎರಡೂ ಕೈ ಬಡಿದೆ.

"ನಾನು ಟ್ರ್ಯಾಕಿಗೆ ಇಳಿಯಲೇ ಇಲ್ಲ!"

ಎಂಜಿನ್ನಿನ ಅಬ್ಬರಕ್ಕೆ ಅವಳಿಗೆ ಕೇಳಲಿಲ್ಲ. ಏನು ಎಂದು ಕೈಸನ್ನೆ ಮಾಡಿ, ಆಕ್ಸಿಲರೇಟರ್ ಬಿಟ್ಟಳು. ಸದ್ದು ತಗ್ಗಿತು. ನಾನು ಮಾತ್ರ ಗಂಟಲು ಹರಿಯುವಂತೆ ಕಿರಿಚಿದೆ.

"ಸುಳ್ಳು ಮಗಾ! ಬೇಲಿಯ ಹೊರಗೆ ನಿಂತು ನೋಡಿದ್ದು! ಪಂಪ್ ತರ್ಲಿಕ್ಕೆ ಹೋದದ್ದು ನಾನು! ಕಾಲು ಎತ್ತಬಾರದು ಅಂತ ಹೇಳಿದ್ದು ಸುಳ್ಳು!"

ಗುಡ್ಡೆಯಲ್ಲಿದ್ದ ಎಲ್ಲರಿಗೂ ಕೇಳಿತು. ಒಬ್ಬರೂ ನಗಲಿಲ್ಲ. ಚಿನ್ಮಯೀ ನನ್ನನ್ನು ನೋಡಿದಳು, ಆ ನೋಟ ಹೇಗಿತ್ತು ಎಂದು ಹೇಳಲಾರೆ. ಹೆಲ್ಮೆಟ್ಟಿನ ಕಪ್ಪು ಗಾಜನ್ನು ಕೆಳಗಿಳಿಸಿ, ಬದಿಗೆ ಹೋಗಿ ಎಂದು ಕೈ ಬೀಸಿದಳು. ಬಾವುಟ ಇಳಿಯಿತು.

ಮೊದಲ ತಿರುವು ದಾಟಿತು, ಎರಡನೆಯದೂ. ಮುಂದೆ ಉದ್ದದ ನೇರ ದಾರಿ. ಸದ್ದು ಏರುತ್ತಲೇ ಹೋಯಿತು. ಕಾಲು ಎತ್ತು, ಎತ್ತು ತಾಯೀ ಎಂದು ನಾನು ಬೇಡಿಕೊಂಡೆ. ಸಿಟ್ಟಿಗೆ ಎತ್ತದೇ ಇದ್ದರೆ?

ಸದ್ದು ಇಳಿಯಿತು. ಅವಳು ಕಾಲು ಎತ್ತಿದ್ದಳು. ಆದರೂ ಕಾರು ಕೆಸರಿನಲ್ಲಿ ಜಾರಿತು. ಹಿಂಬದಿ ಅಡ್ಡ ಹೊರಳಿ ಟಯರುಗಳಿಗೆ ಬಡಿಯಿತು. ಎರಡು ಟಯರು ಕೋರೆಯೊಳಗೆ ಉರುಳಿದವು. ಅವು ತಳ ಮುಟ್ಟಿದ ಸದ್ದು ನಮ್ಮವರೆಗೂ ಕೇಳಿತು. ಕಾರು ಅಂಚಿನಲ್ಲಿ ನಿಂತು, ಮೆಲ್ಲಗೆ ನೇರವಾಗಿ, ಮುಂದೆ ಹೋಯಿತು.

ಕೊನೆಗೆ ಅವಳಿಗೆ ಆರನೇ ಸ್ಥಾನ ಬಂತು. ಲತೀಶ ನನ್ನ ಮುಖ ನೋಡದೆ, ನೆಲ ಒಣಗುವವರೆಗೆ ಉಳಿದವರ ಸರದಿ ನಿಲ್ಲಿಸಿದ. ಉಲ್ಲಾಸ ನೀರಿನ ಬಾಟ್ಲಿ ತಂದುಕೊಟ್ಟು, "ಪಂಪ್ ಒಳ್ಳೆದುಂಟಾ ಗಿರಿಯಣ್ಣ?" ಎಂದಷ್ಟೇ ಕೇಳಿದ.

ಮರಳುವಾಗ ಕಾರು ಓಡಿಸಿದ್ದು ಅವಳೇ. ಉಪ್ಪಿನಂಗಡಿ ದಾಟಿ ಒಳರಸ್ತೆಯ ಇಳಿಜಾರಿಗೆ ಬಂದಾಗ ಕೇಳಿದಳು.

"ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕ್ಬಾರ್ದು ಅಂತ ಹೇಳಿದ್ರಲ್ಲ, ಅದು?"

"ಅದು ನಿಜ ಮಗಾ."

"ಮಳೆ ಬರುವಾಗ ಮುಂದಿನ ಗಾಡಿಯಿಂದ ದುಪ್ಪಟ್ಟು ದೂರ ಇರ್ಬೇಕು ಅಂದದ್ದು?"

"ಅದೂ ನಿಜ."

ಒಳರಸ್ತೆ ಮುಗಿದು ಕಬಕ ಬಂತು. ಗೋಡೆಯ ಹತ್ತಿರ ಕಾರು ನಿಧಾನವಾಯಿತು. ನಾನು ಎಡಕ್ಕೆ ನೋಡಿದೆ, ಮತ್ತೊಮ್ಮೆ ಕಣ್ಣುಜ್ಜಿ ನೋಡಿದೆ.

"ಯಾರೂ ಇಲ್ಲ. ಹೋಗು."

ಅವಳು ಹೋಗಲಿಲ್ಲ. ಪೂರ್ತಿ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಬಗ್ಗಿ, ನನ್ನನ್ನು ದಾಟಿ ತಾನೇ ನೋಡಿದಳು. ಆಮೇಲೆ ಗೇರು ಹಾಕಿದಳು. ರಸ್ತೆ ಖಾಲಿಯೇ ಇತ್ತು.